ಹಿಮಕ್ಕೂ ಉಂಟು ಇಂಚು, ಸೆಂಟಿನ ಲೆಕ್ಕ!

ಮೂಡಿಗೆರೆ ಸೀಮೆಯ ಕಾಫಿ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ನಮ್ಮ ಕಡೆ ಮಳೆಗಾಲದಲ್ಲಿ ಇಬ್ಬರು ಎದುರಾದರೆ ‘ಊಟ ಆಯ್ತಾ?’ ಅನ್ನುವುದಕ್ಕಿಂತ ಮೊದಲು ಕೇಳುವ ಪ್ರಶ್ನೆ ‘ನಿಮ್ಮಲ್ಲಿ ಎಷ್ಟಾಯ್ತು?’ ಅಂತ. ಎಷ್ಟು ಅಂದರೆ ಮಳೆ. ‘ಎರಡು ಇಂಚು ನಲವತ್ತು ಸೆಂಟು’ ಎಂದು ಥಟ್ಟನೆ ಉತ್ತರ ಬರುತ್ತದೆ. ನೂರು ಸೆಂಟಿಗೆ ಒಂದು ಇಂಚು. ಅಂಗಳದ ಮಳೆಮಾಪಕದ ನೀರನ್ನು ಅಪ್ಪ ದಿನಾ ಬೆಳಿಗ್ಗೆ ಅಳೆದು, ಕೆಂಪು ರಟ್ಟಿನ ಪುಸ್ತಕದಲ್ಲಿ ಬರೆಯುತ್ತಿದ್ದರು. ಜ್ವರ ಬಂದು ಮಲಗಿದರೂ ಆ ಕೆಲಸ ತಪ್ಪುತ್ತಿರಲಿಲ್ಲ. ನಮ್ಮಲ್ಲಿ ಒಬ್ಬರನ್ನು ಅಂಗಳಕ್ಕೆ ಅಟ್ಟುತ್ತಿದ್ದರು.

ಅಂಥ ಮಳೆ ಲೆಕ್ಕದ ಮನೆಯವಳಾದ ನನಗೆ ಹಿಮ ಮಾತ್ರ ಗೊತ್ತಿರಲಿಲ್ಲ. ಸಿನಿಮಾದ ಹಾಡಿನಲ್ಲಿ ನೋಡಿದ್ದೆ. ಆಮೇಲೆ 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮಕುಸಿತವಾಗಿ, ಧಾರವಾಡ ಜಿಲ್ಲೆ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಇದ್ದು ಜೀವಂತವಾಗಿ ಸಿಕ್ಕಾಗ, ಊರಿನವರೆಲ್ಲ ಟಿ.ವಿ. ಮುಂದೆ ಕೂತು ಕೈ ಮುಗಿದಿದ್ದೆವು. ಫೆಬ್ರುವರಿ 11ರಂದು ಅವರು ತೀರಿಕೊಂಡ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಯಾರಿಗೂ ಅನ್ನ ಇಳಿಯಲಿಲ್ಲ. ಹಿಮ ಎಂದರೆ ಹಾಡಿನ ಚೆಂದ ಮತ್ತು ಆ ಸಾವು, ಇವೆರಡೇ ನನಗೆ ಗೊತ್ತಿದ್ದದ್ದು.

2022ರ ನವೆಂಬರ್ ಮೊದಲ ವಾರ ಮಗಳ ಮನೆಗೆ ಹೋದೆ. ಅವಳಿರುವುದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಫಲೊ ನಗರದ ಉತ್ತರಕ್ಕಿರುವ ಆಮ್‌ಹರ್ಸ್ಟ್‌ನಲ್ಲಿ. ಹೋದ ಮರುದಿನವೇ ಹಿತ್ತಲಲ್ಲಿ ಒಂದು ವಿಚಿತ್ರ ಕಂಡೆ. ಹುಲ್ಲಿನ ಮೇಲೆ ಬಿಳಿ ಬಣ್ಣ ಬಳಿದ ಚಪ್ಪಟೆ ಪ್ಲೈವುಡ್ ಹಲಗೆ. ಪಕ್ಕದ ಕಂಬಕ್ಕೆ ಉದ್ದನೆಯ ಪಾರದರ್ಶಕ ಕೊಳವೆ.

‘ಇದೇನೇ ಪುಟ್ಟಿ, ರೊಟ್ಟಿ ಮಣೆ ಇದ್ದಂಗಿದೆ?’ ಎಂದು ಹತ್ತು ವರ್ಷದ ಮೊಮ್ಮಗಳನ್ನು ಕೇಳಿದೆ.

‘ಅದು ಸ್ನೋ ಬೋರ್ಡ್ ಅಜ್ಜಿ. ಹಿಮ ಅಳೆಯೋಕೆ. ಆ ಕೊಳವೆ ಮಳೆಗೆ. ದಿನಾ ಬೆಳಿಗ್ಗೆ ಏಳಕ್ಕೆ ನಾನೇ ಬರೆಯೋದು’ ಎಂದಳು.

ನನಗೆ ಅಪ್ಪನೇ ಎದುರು ನಿಂತಂತಾಯಿತು.

ಹಿತ್ತಲಲ್ಲಿ ಅಳೆಯುವವರ ಕೂಟ

ಮೊಮ್ಮಗಳು ಒಬ್ಬಳೇ ಅಲ್ಲ. ಅಮೆರಿಕದಲ್ಲಿ ಸಾವಿರಾರು ಮನೆಗಳ ಹಿತ್ತಲಲ್ಲಿ ಹೀಗೆ ಅಳೆಯುವವರಿದ್ದಾರೆ. ಅವರ ಕೂಟಕ್ಕೆ ಕೊಕೊರಾಸ್ ಎಂದು ಹೆಸರು. ಮಳೆ, ಆಲಿಕಲ್ಲು, ಹಿಮ ಈ ಮೂರನ್ನೂ ಜನರೇ ಅಳೆದು ಕಳಿಸುವ ವ್ಯವಸ್ಥೆ ಇದು. ಹುಟ್ಟಿದ್ದು 1998ರಲ್ಲಿ, ಕೊಲರಾಡೊ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ.

ಅದಕ್ಕೊಂದು ನೋವಿನ ಕಾರಣವಿದೆ. 1997ರ ಜುಲೈ 28ರಂದು ಫೋರ್ಟ್ ಕಾಲಿನ್ಸ್ ಎಂಬ ಊರಿನಲ್ಲಿ ದಿಢೀರ್ ಪ್ರವಾಹ ಬಂದು ಐದು ಜನ ಸತ್ತರು. ಊರಿನ ಒಂದು ಬದಿಯಲ್ಲಿ 14 ಇಂಚು ಮಳೆ ಸುರಿದಿದ್ದರೆ, ಕೆಲವೇ ಮೈಲಿ ಆಚೆ ಎರಡು ಇಂಚೂ ಬಿದ್ದಿರಲಿಲ್ಲ. ಅಷ್ಟು ದೊಡ್ಡ ವ್ಯತ್ಯಾಸ ಹಿಡಿಯಲು ದೂರದೂರದ ಸರಕಾರಿ ಮಾಪಕಗಳು ಸಾಲುವುದಿಲ್ಲ ಎಂದು ಗೊತ್ತಾದದ್ದು ಆಗ. ಜನರ ಹಿತ್ತಲುಗಳೇ ಮಾಪನ ಕೇಂದ್ರಗಳಾದವು. ಈ ಲೆಕ್ಕವನ್ನು ಹವಾಮಾನ ಇಲಾಖೆಯವರೂ ನೋಡುತ್ತಾರೆ, ನದಿ–ಅಣೆಕಟ್ಟು ನೋಡಿಕೊಳ್ಳುವವರೂ ನೋಡುತ್ತಾರೆ.

ಆ ಕೂಟದ ಒಂದು ನಿಯಮ ನನಗೆ ಬಹಳ ಹಿಡಿಸಿತು. ಏನೂ ಬೀಳದ ದಿನ ‘ಸೊನ್ನೆ’ ಎಂದು ಬರೆಯಲೇಬೇಕು. ಬರೆಯದೆ ಬಿಟ್ಟರೆ ಏನೂ ಬೀಳಲಿಲ್ಲವೋ, ಅಳೆಯುವವರು ಮರೆತರೋ ಗೊತ್ತಾಗುವುದು ಹೇಗೆ?

ಅಲ್ಲಿ ಎಂಬತ್ತು ಇಂಚು, ಇಲ್ಲಿ ಇಷ್ಟೇ

ನಾನು ಹೋಗಿ ಎರಡು ವಾರವೂ ಆಗಿರಲಿಲ್ಲ. ನವೆಂಬರ್ 17ರ ಗುರುವಾರ ರಾತ್ರಿ ಹಿಮ ಶುರುವಾಯಿತು. ನಾಲ್ಕು ದಿನಗಳಲ್ಲಿ ಬಫಲೊ ದಕ್ಷಿಣದ ಆರ್ಚರ್ಡ್ ಪಾರ್ಕ್, ಹ್ಯಾಂಬರ್ಗ್ ಎಂಬ ಊರುಗಳಲ್ಲಿ ಸುಮಾರು 80 ಇಂಚು ಹಿಮ ಬಿತ್ತು. ಎಂಬತ್ತು ಇಂಚೆಂದರೆ ಎರಡು ಮೀಟರ್! ಎತ್ತರದ ಆಳನ್ನೂ ಮುಳುಗಿಸುವಷ್ಟು. ಆರ್ಚರ್ಡ್ ಪಾರ್ಕ್‌ನ ಮೈದಾನದಲ್ಲಿ ನಡೆಯಬೇಕಿದ್ದ ಫುಟ್‌ಬಾಲ್ ಪಂದ್ಯವನ್ನು ಡೆಟ್ರಾಯಿಟ್ ನಗರಕ್ಕೇ ಎತ್ತಿಕೊಂಡು ಹೋದರು. ನಮ್ಮ ಹಿತ್ತಲಲ್ಲಿ ಮಾತ್ರ ಹಿಮ ಮೊಣಕಾಲಿಗೂ ಬರಲಿಲ್ಲ.

‘ಅಷ್ಟು ಹತ್ತಿರದಲ್ಲಿ ಅಷ್ಟೊಂದು ಬಿದ್ದು, ಇಲ್ಲಿ ಇಷ್ಟೇನಾ?’ ಎಂದಾಗ ಅಳಿಯ ಭೂಪಟ ತೆಗೆದು ತೋರಿಸಿದರು. ಬಫಲೊ ಇರುವುದು ಈರಿ ಸರೋವರದ ಪೂರ್ವದ ತುದಿಯಲ್ಲಿ. ಸರೋವರದ ಉದ್ದ ಸುಮಾರು 390 ಕಿಲೊಮೀಟರ್. ಬೇಸಿಗೆಯ ಬಿಸಿಲು ಕುಡಿದ ನೀರು ನವೆಂಬರ್‌ನಲ್ಲೂ ಬೆಚ್ಚಗೇ ಇರುತ್ತದೆ. ಅದರ ಮೇಲೆ ಉದ್ದಕ್ಕೂ ಕೊರೆಯುವ ಚಳಿಗಾಳಿ ಬೀಸುತ್ತದೆ. ಧನುರ್ಮಾಸದ ಬೆಳಗಿನಲ್ಲಿ ಬಚ್ಚಲ ಹಂಡೆಯ ಬಿಸಿನೀರು ಹೇಗೆ ಹಬೆಯಾಡುತ್ತದೆ? ಹಾಗೆಯೇ ಸರೋವರದ ನೀರು ಆವಿಯಾಗಿ ಮೇಲೇರುತ್ತದೆ. ಮೇಲೆ ಚಳಿಗೆ ಹೆಪ್ಪುಗಟ್ಟಿ ಮೋಡವಾಗುತ್ತದೆ. ದಡ ದಾಟಿದ ಕೂಡಲೇ ಹಿಮವಾಗಿ ಸುರಿಯುತ್ತದೆ.

ಈ ಮೋಡ ಊರಗಲಕ್ಕೆ ಹರಡುವುದಿಲ್ಲ, ಪಟ್ಟಿಯಂತೆ ಕಿರಿದಾಗಿರುತ್ತದೆ. ಪಟ್ಟಿಯ ಕೆಳಗಿನವರಿಗೆ ಗಂಟೆಗೆ ಮೂರು–ನಾಲ್ಕು ಇಂಚು. ಹತ್ತು ಮೈಲಿ ಆಚೆಯವರಿಗೆ ಬಿಸಿಲು. ಗಾಳಿಯ ದಿಕ್ಕು ಸ್ವಲ್ಪ ತಿರುಗಿದರೆ ಪಟ್ಟಿಯೇ ಜರುಗುತ್ತದೆ. ಹಿಮದ ಮುನ್ಸೂಚನೆಯಲ್ಲಿ ‘12ರಿಂದ 24 ಇಂಚು’ ಎಂದು ದೊಡ್ಡ ಅಂತರ ಇಟ್ಟು ಹೇಳುವುದು ಇದಕ್ಕೇ. ಮಳೆಯೋ ಹಿಮವೋ ಎಂಬುದೇ ಒಂದೆರಡು ಡಿಗ್ರಿ ಉಷ್ಣಾಂಶದಲ್ಲಿ ತೀರ್ಮಾನವಾಗುತ್ತದೆ. ಇನ್ನು ಸರೋವರ ಪೂರ್ತಿ ಹೆಪ್ಪುಗಟ್ಟಿತೆಂದರೆ ಹಂಡೆಗೆ ಮುಚ್ಚಳ ಹಾಕಿದಂತೆ. ಆವಿ ನಿಲ್ಲುತ್ತದೆ, ಈ ಬಗೆಯ ಹಿಮವೂ ಕಡಿಮೆಯಾಗುತ್ತದೆ.

ಆಳ ಒಂದು, ನೀರು ಇನ್ನೊಂದು

ಹಿಮ ಅಳೆಯುವುದನ್ನು ಮೊಮ್ಮಗಳು ನನಗೂ ಕಲಿಸಿದಳು. ಹಲಗೆಯ ಮೇಲೆ ಸ್ಕೇಲನ್ನು ನೆಟ್ಟಗೆ ಇಳಿಸಿ ಇಂಚಿನ ಹತ್ತನೇ ಒಂದು ಭಾಗದವರೆಗೆ ಓದಬೇಕು. ಆಮೇಲೆ ಹಲಗೆ ಗುಡಿಸಿ, ಹೊಸ ಹಿಮದ ಮೇಲೆ ಮತ್ತೆ ಇಡಬೇಕು. ಇಲ್ಲದಿದ್ದರೆ ಹಲಗೆ ಹುಗಿದುಹೋಗುತ್ತದೆ. ಹಲಗೆಯಲ್ಲಿ ಸಿಗುವುದು ಹೊಸದಾಗಿ ಬಿದ್ದ ಹಿಮ. ನೆಲದ ಮೇಲೆ ಹಳೆಯದೂ ಹೊಸದೂ ಸೇರಿ ಎಷ್ಟಿದೆ ಎನ್ನುವುದು ಬೇರೆಯೇ ಲೆಕ್ಕ.

‘ಗಂಟೆಗೊಂದು ಸಲ ಅಳೆದು ಕೂಡಿದರೆ ಇನ್ನೂ ಸರಿಯಾಗಿ ಬರಲ್ವೇನೇ?’ ಎಂದೆ.

‘ಅದು ಮೋಸ ಅಜ್ಜಿ!’ ಎಂದು ನಕ್ಕಳು. ಹಿಮ ಬಿದ್ದ ಮೇಲೆ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ, ಸೇರಿನಲ್ಲಿ ಅಲುಗಿಸಿದ ಅವಲಕ್ಕಿಯ ಹಾಗೆ. ಗಂಟೆಗಂಟೆಗೂ ಅಳೆದು ಗುಡಿಸಿದರೆ ಕುಸಿಯಲು ಬಿಡದೆ ಕೂಡಿದಂತಾಗಿ, ಇಲ್ಲದ ಹಿಮವೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಆರು ಗಂಟೆಗೆ ಮೊದಲು ಹಲಗೆ ಗುಡಿಸುವಂತಿಲ್ಲ.

ನನ್ನನ್ನು ನಿಜವಾಗಿ ಬೆರಗಾಗಿಸಿದ್ದು ಮುಂದಿನ ಕೆಲಸ. ಕೊಳವೆಯ ಹೊರಪಾತ್ರೆಯನ್ನು ಬೋರಲು ಹಾಕಿ, ಬಿಸ್ಕತ್ತು ಕತ್ತರಿಸುವಂತೆ ಹಿಮವನ್ನು ಕತ್ತರಿಸಿ ಒಳಗೆ ತಂದಳು. ಅದಕ್ಕೆ ಐವತ್ತು ಸೆಂಟು ಬೆಚ್ಚನೆಯ ನೀರು ಹುಯ್ದಳು. ಹಿಮ ಕರಗಿತು. ಎಲ್ಲವನ್ನೂ ಅಳತೆಯ ಸಣ್ಣ ಕೊಳವೆಗೆ ಸುರಿದಾಗ ಎಪ್ಪತ್ತೆಂಟು ಸೆಂಟು ಬಂತು. ಹುಯ್ದ ಐವತ್ತು ಕಳೆದರೆ ಇಪ್ಪತ್ತೆಂಟು. ಹಲಗೆಯ ಮೇಲೆ ನಾಲ್ಕು ಇಂಚಿಗೂ ಜಾಸ್ತಿ ಇದ್ದ ಹಿಮದಲ್ಲಿ ಇದ್ದ ನೀರು ಬರೀ ಇಪ್ಪತ್ತೆಂಟು ಸೆಂಟು! ನಮ್ಮ ತೋಟದಲ್ಲಿ ಅಷ್ಟು ಮಳೆ ಬಂದರೆ ‘ಧೂಳು ಅಡಗಲಿಲ್ಲ’ ಅನ್ನುತ್ತೇವೆ.

ಹತ್ತು ಇಂಚು ಹಿಮಕ್ಕೆ ಒಂದು ಇಂಚು ನೀರು ಎನ್ನುವುದು ಅಂದಾಜಿನ ಲೆಕ್ಕ. ಒದ್ದೆ ಹಿಮವಾದರೆ ಐದೇ ಇಂಚಿಗೆ ಒಂದಿಂಚು ನೀರು ಸಿಗಬಹುದು. ಸರೋವರದ ಹಗುರ ಹಿಮವಾದರೆ ಇಪ್ಪತ್ತು ಇಂಚು ಬೇಕಾಗಬಹುದು. ಕಣ್ಣಿಗೆ ಎರಡೂ ಒಂದೇ ಬಿಳುಪು. ಆದರೆ ಒಂದಿಂಚು ನೀರು ಒಂದು ಚದರ ಮೀಟರ್ ಚಾವಣಿಯ ಮೇಲೆ ಕೂತರೆ 25 ಕಿಲೊ ಭಾರ. ಚಾವಣಿ ತಡೆದೀತೇ, ಸಲಿಕೆ ಹಿಡಿದ ಮುದುಕರ ಎದೆ ತಡೆದೀತೇ ಎಂಬುದನ್ನು ಹೇಳುವುದು ಹಿಮದ ಆಳವಲ್ಲ, ಅದರೊಳಗಿನ ನೀರು.

ಲ್ಯಾಟಿನ್ ಮೇಷ್ಟರ ಹಿಮದ ಕೊಳವೆ

ಈ ನೀರಿನ ಲೆಕ್ಕಕ್ಕೆ ದಾರಿ ಹಾಕಿದವರಲ್ಲಿ ಒಬ್ಬರು ವಿಜ್ಞಾನದ ಮೇಷ್ಟರೇ ಅಲ್ಲ. ಅಮೆರಿಕದ ನೆವಾಡ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್, ಗ್ರೀಕ್ ಪಾಠ ಹೇಳುತ್ತಿದ್ದ ಜೇಮ್ಸ್ ಚರ್ಚ್. ಚಳಿಗಾಲದಲ್ಲಿ ಬೆಟ್ಟ ಹತ್ತುವ ಹುಚ್ಚು ಅವರಿಗೆ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಅವರು ಮೌಂಟ್ ರೋಸ್ ಎಂಬ ಬೆಟ್ಟದ ಹಿಮಕ್ಕೆ ಉದ್ದನೆಯ ಲೋಹದ ಕೊಳವೆ ಇಳಿಸಿ, ಒಳಗೆ ಸಿಕ್ಕ ಹಿಮವನ್ನು ಕೊಳವೆ ಸಮೇತ ತೂಗಿದರು. ತೂಕ ಗೊತ್ತಾದರೆ ನೀರು ಎಷ್ಟೆಂದು ಗೊತ್ತಾಯಿತು. ಬೆಟ್ಟದ ಹಿಮದಲ್ಲಿ ನೀರು ಎಷ್ಟಿದೆ ಎಂದು ತಿಳಿದರೆ, ಅದು ವಸಂತದಲ್ಲಿ ಕರಗಿದಾಗ ಕೆಳಗಿನ ಟಾಹೋ ಸರೋವರ ಎಷ್ಟು ಏರುತ್ತದೆಂದು ಮೊದಲೇ ಹೇಳಬಹುದು.

ಇಂದಿಗೂ ಆ ಸೀಮೆಯಲ್ಲಿ ಜನ ಹಿಮದಲ್ಲಿ ನಡೆದು ಹೋಗಿ ಕೊಳವೆ ಇಳಿಸುತ್ತಾರೆ. ಜೊತೆಗೆ ಯಂತ್ರಗಳೂ ಇವೆ. ಹೆಪ್ಪುಗಟ್ಟದ ದ್ರವ ತುಂಬಿದ ದೊಡ್ಡ ದಿಂಬನ್ನು ನೆಲದ ಮೇಲೆ ಹಾಸಿರುತ್ತಾರೆ. ಮೇಲೆ ಬಿದ್ದ ಹಿಮದ ಭಾರವನ್ನು ಅದು ತಾನೇ ತೂಗಿ ತಿಳಿಸುತ್ತದೆ. ಕಂಬದ ಮೇಲಿನ ಇನ್ನೊಂದು ಉಪಕರಣ ಬಾವಲಿಯಂತೆ ಶಬ್ದ ಕಳಿಸಿ, ಅದು ಹಿಮಕ್ಕೆ ತಾಗಿ ಮರಳುವ ಸಮಯದಿಂದ ಆಳ ಹೇಳುತ್ತದೆ.

ಮಳೆ ಕಂಡು ಮೋಸ ಹೋದೆ

ಇಷ್ಟೆಲ್ಲ ಕಲಿತ ನಾನೇ ಡಿಸೆಂಬರ್‌ನಲ್ಲಿ ಎಡವಿದೆ.

ನಮ್ಮ ಪಕ್ಕದೂರಿನ ಹುಡುಗಿಯೊಬ್ಬಳು ಬಫಲೊದ ದಕ್ಷಿಣಕ್ಕೆ, ಇಪ್ಪತ್ತು ಮೈಲಿ ದೂರದಲ್ಲಿದ್ದಳು. ತುಂಬಿದ ಬಸುರಿ. ತವರಿನವರು ಯಾರೂ ಹತ್ತಿರವಿಲ್ಲ. ಡಿಸೆಂಬರ್ 23 ಶುಕ್ರವಾರ, ಒಳ್ಳೆಯ ದಿನ. ಹೋಗಿ ಮಡಿಲು ತುಂಬಿ ಬರೋಣ ಎಂದು ಚಕ್ಕುಲಿ, ಕೋಡುಬಳೆ ಕರಿದು ಡಬ್ಬಿ ತುಂಬಿಸಿದ್ದೆ. ಊರಿಂದ ತಂದ ಹಸಿರು ಬಳೆ ಎತ್ತಿಟ್ಟಿದ್ದೆ. ಅಷ್ಟರಲ್ಲಿ ಹವಾಮಾನ ಇಲಾಖೆ ಎರಡು ದಿನ ಮೊದಲೇ ಹಿಮಬಿರುಗಾಳಿಯ ಎಚ್ಚರಿಕೆ ಕೊಟ್ಟಿತು. ಬರೀ ಹಿಮ ಬಿದ್ದರೆ ಹಿಮಬಿರುಗಾಳಿ ಅನ್ನುವುದಿಲ್ಲ. ಗಾಳಿ ಗಂಟೆಗೆ 56 ಕಿಲೊಮೀಟರ್ ದಾಟಬೇಕು, ಕಾಲು ಮೈಲಿ ಆಚೆ ಏನೂ ಕಾಣಬಾರದು, ಅದು ಮೂರು ಗಂಟೆಯಾದರೂ ಇರಬೇಕು. ಈ ಸಲ ಬರುವುದು ಹಲವು ವರ್ಷಗಳಲ್ಲಿ ಕಾಣದಂಥದ್ದು ಎಂದಿದ್ದರು.

ಶುಕ್ರವಾರ ಬೆಳಿಗ್ಗೆ ಎದ್ದು ನೋಡಿದರೆ ಹಿಮವೇ ಇಲ್ಲ! ನಮ್ಮೂರ ಮಳೆಯ ಹಾಗೆ ಜಿನುಗುತ್ತಿತ್ತು. ಚಳಿಯೂ ಅಷ್ಟೇನಿರಲಿಲ್ಲ. ‘ನೋಡೇ, ಇವರೂ ನಮ್ಮವರ ಹಾಗೇ. ಮಳೆ ಅಂದ್ರೆ ಬಿಸಿಲು, ಬಿಸಿಲು ಅಂದ್ರೆ ಮಳೆ. ಬೇಗ ಹೋಗಿ ಬೇಗ ಬಂದುಬಿಡೋಣ’ ಎಂದು ಮಗಳ ಬೆನ್ನು ಹತ್ತಿದೆ. ‘ಬೇಡಮ್ಮ’ ಎಂದು ಎರಡು ಸಲ ಹೇಳಿದವಳು, ನನ್ನ ಮುಖ ಸಣ್ಣದಾದದ್ದು ನೋಡಿ ಕಾರಿನ ಕೀ ಕೈಗೆತ್ತಿಕೊಂಡಳು.

ಬಾಗಿಲಿಗೆ ಅಡ್ಡ ನಿಂತವಳು ಮೊಮ್ಮಗಳು. ಕೈಯಲ್ಲಿ ಅವಳ ಲೆಕ್ಕದ ಪುಸ್ತಕ.

‘ಅಜ್ಜಿ, ನಿಮ್ಮಪ್ಪ ಬರೆದಿದ್ದನ್ನ ನೀನು ನಂಬ್ತಿದ್ದೆ ತಾನೆ? ಇವರೂ ಹಂಗೇ ಅಳೆದು ಹೇಳೋರು. ಪಶ್ಚಿಮದ ಊರುಗಳಲ್ಲಿ ಆಗಲೇ ಚಳಿ ಬಂದಾಯ್ತು. ನಮಗಿನ್ನೂ ಬಂದಿಲ್ಲ ಅಷ್ಟೇ. ಒಂದು ಗಂಟೆ ಕಾಯಿ. ಬರಲಿಲ್ಲ ಅಂದ್ರೆ ಹೋಗು.’

ಅಪ್ಪನ ಹೆಸರು ಬಂದದ್ದಕ್ಕೋ ಏನೋ, ಕೂತೆ. ಒಂದು ಗಂಟೆ ಬೇಕಾಗಲಿಲ್ಲ. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಗಾಳಿ ಬಂದು ಮನೆಗೆ ಗುದ್ದಿತು. ಮಳೆ ಹಿಮವಾಯಿತು. ಎದುರು ಮನೆ ಕಾಣದಾಯಿತು, ಆಮೇಲೆ ನಮ್ಮ ಗೇಟಿನ ಪಕ್ಕದ ಮರವೂ. ಕಿಟಕಿಯ ಆಚೆ ಬರೀ ಬಿಳುಪು. ಬೆಳಿಗ್ಗೆ ಸುರಿದ ಮಳೆ ರಸ್ತೆಯ ಮೇಲೆ ಗಾಜಿನಂತೆ ಹೆಪ್ಪುಗಟ್ಟಿತು. ಆ ಹೊತ್ತಿಗೆ ನಾವು ಹೆದ್ದಾರಿಯ ನಡುವೆ ಇರಬೇಕಿತ್ತು.

ಆ ಅಬ್ಬರ ಒಂದೂವರೆ ದಿನ ಬಿಡಲಿಲ್ಲ. ಬಫಲೊ ವಿಮಾನ ನಿಲ್ದಾಣದಲ್ಲಿ ಸುಮಾರು 52 ಇಂಚು ಹಿಮ ದಾಖಲಾಯಿತು. ಅಗ್ನಿಶಾಮಕದವರ ಗಾಡಿಗಳೇ ಹೂತುಹೋದವು. ಆಂಬುಲೆನ್ಸ್‌ಗಳು ಮುಂದೆ ಹೋಗಲಾಗಲಿಲ್ಲ. ಬಫಲೊ ಸೀಮೆಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಕೆಲವರು ಕಾರಿನೊಳಗೆ, ಕೆಲವರು ಬೀದಿಯಲ್ಲಿ, ಕೆಲವರು ಕರೆಂಟು ಹೋಗಿ ತಣ್ಣಗಾದ ಮನೆಯಲ್ಲಿ. ಇನ್ನು ಕೆಲವರು ಹಿಮ ಎತ್ತುವಾಗ ಎದೆ ಹಿಡಿದುಕೊಂಡು ಕುಸಿದವರು. ಒಬ್ಬೊಬ್ಬರ ಸುದ್ದಿ ಬಂದಾಗಲೂ ನಾನು ಬಾಗಿಲ ಬಳಿ ನೇತುಹಾಕಿದ್ದ ಕಾರಿನ ಕೀ ನೋಡುತ್ತಿದ್ದೆ. ಸತ್ತವರಲ್ಲಿ ಹಲವರು ನನ್ನ ಹಾಗೆ ಹಟ ಮಾಡಿದವರೇನಲ್ಲ. ಕೆಲಸಕ್ಕೆ, ಔಷಧಿಗೆ, ಊಟಕ್ಕೆ ಎಂದು ಹೊರಟವರೂ ಇದ್ದರು. ನನಗಾದರೋ ಅಂಥ ತುರ್ತು ಏನಿತ್ತು?

ಗಾಳಿ ನಿಂತ ಮೇಲೆ ಮೊಮ್ಮಗಳೊಂದಿಗೆ ಹಿತ್ತಲಿಗೆ ಇಳಿದೆ. ಬೇಲಿಯ ಬಳಿ ಹಿಮ ನನಗಿಂತ ಎತ್ತರ. ಮೂರು ಹೆಜ್ಜೆ ಆಚೆ ಹುಲ್ಲು ಕಾಣುತ್ತಿತ್ತು. ಹಲಗೆ ಎಲ್ಲಿದೆಯೆಂದೇ ಗೊತ್ತಿಲ್ಲ. ‘ಇದನ್ನ ಹೇಗೆ ಅಳೀತೀಯೇ?’ ಎಂದೆ. ಅವಳು ಹತ್ತು ಕಡೆ ಕೋಲು ಇಳಿಸಿದಳು. ಎತ್ತರದಲ್ಲೂ ಇಳಿಸಿದಳು, ಬೋಳು ನೆಲದಲ್ಲೂ ಇಳಿಸಿದಳು. ಕೂಡಿ ಹತ್ತರಿಂದ ಭಾಗಿಸಿದಳು. ಬೇಲಿ ಬಳಿಯ ಅಳತೆಯನ್ನೇ ಬರೆದರೆ ಶಾಲೆಯಲ್ಲಿ ಎಲ್ಲರೂ ಬಾಯಿ ಬಿಟ್ಟು ನೋಡುತ್ತಿದ್ದರು. ಅವಳು ಬರೆದದ್ದು ಸರಾಸರಿ. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು.

ಹೊಸ ವರ್ಷದ ದಿನ ರಸ್ತೆ ತೆರವಾಗಿ ಆ ಹುಡುಗಿಯ ಮನೆಗೆ ಹೋದೆವು. ಬಳೆ ತೊಡಿಸಿದೆ. ಚಕ್ಕುಲಿ ಒಂದಿಷ್ಟು ಮೆತ್ತಗಾಗಿತ್ತು. ಜನವರಿಯಲ್ಲಿ ಅವಳಿಗೆ ಗಂಡು ಮಗುವಾಯಿತು.

ನೀವೂ ಅಳೆದು ನೋಡಿ

ನಾನು ಊರಿಗೆ ಹೊರಡುವ ಮುನ್ನ, 2023ರ ಏಪ್ರಿಲ್ 3ರಂದು, ದೇಶದ ಇನ್ನೊಂದು ತುದಿಯ ಕ್ಯಾಲಿಫೋರ್ನಿಯದಲ್ಲಿ ಬೆಟ್ಟದ ಹಿಮ ಅಳೆದ ಸುದ್ದಿ ಬಂತು. ಫಿಲಿಪ್ಸ್ ಎಂಬ ಜಾಗದಲ್ಲಿ ಆಳ 126.5 ಇಂಚು, ಅದರಲ್ಲಿದ್ದ ನೀರು 54 ಇಂಚು. ಚಳಿಗಾಲವಿಡೀ ಕುಸಿದು ಒತ್ತಾದ ಹಿಮವಾದ್ದರಿಂದ ಹತ್ತಕ್ಕೆ ಒಂದು ಎನ್ನುವ ಅಂದಾಜು ಅಲ್ಲಿ ನಡೆಯುವುದಿಲ್ಲ. ಎಂಟು ವರ್ಷ ಮೊದಲು, 2015ರ ಏಪ್ರಿಲ್ 1ರಂದು, ಅದೇ ಜಾಗದಲ್ಲಿ ಅಳೆಯಲು ಹೋದವರು ಒಣ ಹುಲ್ಲಿನ ಮೇಲೆ ನಿಂತಿದ್ದರು. ಆ ವರ್ಷ ರಾಜ್ಯದ ಊರುಗಳಿಗೆಲ್ಲ ನೀರು ಬಳಕೆಗೆ ಕಟ್ಟುಪಾಡು ಬಂತು. ನಮ್ಮ ಕಾವೇರಿ, ತುಂಗೆಯರಿಗೆ ಮಳೆ ಹೇಗೋ, ಅವರ ಕೃಷಿಗೆ, ಕುಡಿಯುವ ನೀರಿಗೆ ಬೆಟ್ಟದ ಹಿಮ ಹಾಗೆ.

ಮಕ್ಕಳೇ, ನಮ್ಮಲ್ಲಿ ಹಿಮ ಬೀಳುವುದಿಲ್ಲ ಎಂದು ಸುಮ್ಮನಿರಬೇಡಿ. ನೇರ ಗೋಡೆಯ, ಚಪ್ಪಟೆ ತಳದ ಒಂದು ಡಬ್ಬಿಯನ್ನು ಮರ, ಮಾಡಿನಿಂದ ದೂರ ಬಯಲಿನಲ್ಲಿ ಇಡಿ. ಗಾಳಿಗೆ ಬೀಳದಂತೆ ಸುತ್ತ ಇಟ್ಟಿಗೆ ಇಡಿ. ದಿನಾ ಒಂದೇ ಹೊತ್ತಿಗೆ ಸ್ಕೇಲಿನಿಂದ ಎಷ್ಟು ಮಿಲಿಮೀಟರ್ ಎಂದು ಅಳೆದು, ಬರೆದು, ನೀರು ಚೆಲ್ಲಿ. ಬೇಸಿಗೆಯಲ್ಲಿ ಆಲಿಕಲ್ಲು ಬಿದ್ದರೆ ಕರಗಿಸಿ ಅಳೆಯಿರಿ. ಮೊಮ್ಮಗಳು ಹಿಮಕ್ಕೆ ಮಾಡಿದ್ದೂ ಅದನ್ನೇ. ಒಂದು ವರ್ಷ ಬಿಡದೆ ಬರೆದರೆ, ನಿಮ್ಮ ಅಂಗಳದ ಮಳೆಯ ಬಗ್ಗೆ ನಿಮಗಿಂತ ಚೆನ್ನಾಗಿ ಬಲ್ಲವರು ಊರಲ್ಲೇ ಇರುವುದಿಲ್ಲ.

ನಾನು ಮನೆಗೆ ಬಂದವಳೇ ಅಟ್ಟ ಹತ್ತಿ ಅಪ್ಪನ ಕೆಂಪು ಪುಸ್ತಕ ಇಳಿಸಿದೆ. ಅವರು ಹೋದ ಮೇಲೆ ಯಾರೂ ಬರೆದಿರಲಿಲ್ಲ. ಮಳೆಮಾಪಕ ತೊಳೆದು ಅಂಗಳದಲ್ಲಿ ನಿಲ್ಲಿಸಿದೆ. ಅವತ್ತು ರಾತ್ರಿ ಮೊಮ್ಮಗಳು ಫೋನು ಮಾಡಿ ಕೇಳಿದ ಮೊದಲ ಮಾತು, ‘ಎಷ್ಟಾಯ್ತು ಅಜ್ಜಿ?’

‘ಎಲ್ಲಿ ಬಂತೇ ಮಳೆ? ಒಂದು ಹನಿ ಇಲ್ಲ’ ಎಂದೆ.

‘ಹಂಗಾದ್ರೆ ಸೊನ್ನೆ ಅಂತ ಬರ್ಕೊಂಡ್ಯಾ?’

ಬರೆದಿರಲಿಲ್ಲ. ಫೋನು ಹಿಡಿದುಕೊಂಡೇ ಹೋಗಿ ಬರೆದೆ.